ತೊಟ್ಟಿಗೆ ಕಿವಿಯಿಟ್ಟ ಅಂಗಡಿ ಅಂಕಲ್

ಅಂಗಡಿ ಅಂಕಲ್ ನಮ್ಮ ಮನೆಗೆ ಮೊದಲ ಸಲ ಬಂದಾಗ, ಕೂರುವ ಮುನ್ನ ಕುರ್ಚಿಯನ್ನು ಅಲ್ಲಾಡಿಸಿ ನೋಡಿದರು. ಆಮೇಲೆ ಎದ್ದು ಹೋಗಿ ಗೋಡೆಗೆ ಕಿವಿಯಿಟ್ಟರು. ನಾನು ಕಾಫಿ ಹಿಡಿದುಕೊಂಡು ನಿಂತೇ ಇದ್ದೆ.

"ಒಳಗ ಎಲ್ಲ್ಯೋ ನೀರ ಸೋರಾಕತ್ತೈತಿ, ತಂಗಿ," ಎಂದರು.

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ನಾವು ಕೊಂಡದ್ದು ಹೊಚ್ಚಹೊಸ ಮನೆ, ಬಣ್ಣದ ವಾಸನೆಯೂ ಇನ್ನೂ ಹೋಗಿರಲಿಲ್ಲ. ವಯಸ್ಸಾದವರು, ಏನೋ ಭ್ರಮೆ ಎಂದುಕೊಂಡೆ. ಮರುವಾರ ತೇವದ ಕಲೆ ಕಂಡು ಕರೆಸಿದ ಪ್ಲಂಬರ್ ಬಂದು ಬಾತ್‌ರೂಮಿನ ಗೋಡೆ ಬಿಚ್ಚಿದಾಗ ಪೈಪು ಹನಿಯುತ್ತಿತ್ತು.

ಅಂಗಡಿ ಎಂಬುದು ಅವರ ಮನೆತನದ ಹೆಸರಷ್ಟೇ; ಹುಬ್ಬಳ್ಳಿಯಲ್ಲಿ ನೀರು ಸರಬರಾಜಿನ ಕೆಲಸದಲ್ಲಿದ್ದವರು ಅವರು. ರಸ್ತೆಗೆ ಕಬ್ಬಿಣದ ಸಲಾಕೆ ಊರಿ, ಅದರ ತುದಿಗೆ ಕಿವಿಯಿಟ್ಟು, ನೆಲದೊಳಗೆ ಪೈಪು ಎಲ್ಲಿ ಒಡೆದಿದೆ ಎಂದು ಹೇಳುತ್ತಿದ್ದರಂತೆ. ಹೆಂಡತಿ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಸಿಡ್ನಿಗೆ ಬಂದು, ನಮ್ಮಿಂದ ಮೂರು ಮನೆ ಆಚೆ ಇದ್ದರು. ಸಲಾಕೆಯನ್ನು ಊರಲ್ಲೇ ಬಿಟ್ಟಿದ್ದರೂ ಸಂಶಯವನ್ನು ಮಾತ್ರ ಜೋಪಾನವಾಗಿ ತಂದಿದ್ದರು. ಬ್ಲ್ಯಾಕ್‌ಟೌನಿನ ಇಂಡಿಯನ್ ಸ್ಟೋರಿನಲ್ಲಿ ಜೋಳದ ಹಿಟ್ಟಿನ ಪ್ಯಾಕೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು, ಅದು ಏನೋ ಮುಚ್ಚಿಡುತ್ತಿದೆ ಎಂಬಂತೆ ದಿಟ್ಟಿಸಿ, "ಇದರಾಗ ಮೈದಾ ಕೂಡಿಸ್ಯಾರ" ಎಂದು ಮಾಲೀಕನಿಗೇ ಕೇಳುವಂತೆ ಹೇಳುವರು. ನಮ್ಮ ಮನೆಯ ಗಡಿಯಾರ ನೋಡಿದ ಮೇಲೆ ತಮ್ಮ ಕೈಗಡಿಯಾರವನ್ನೂ ನೋಡುವರು.

"ಏನಂಕಲ್, ನಮ್ಮನ್ನೂ ನಂಬಲ್ವಾ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನೀರ ಸುಳ್ಳ ಹೇಳಂಗಿಲ್ಲ ತಂಗಿ. ಮಂದಿ ಹೇಳ್ತಾರ. ಅದ್ರಾಗ ನಿಮ್ಮಂಥಾ ಒಳ್ಳೇ ಮಂದಿ ಜರಾ ಹೆಚ್ಚಿಗಿ ಹೇಳ್ತಾರ."

ಇಂಥವರನ್ನು ನಮ್ಮ ಹಿತ್ತಲಿನ ತೊಟ್ಟಿಯ ಕೆಲಸಕ್ಕೆ ಕರೆದದ್ದು ನಾನೇ. ಫಾರ್ಮುಗಳಲ್ಲಿ ದನಗಳು ನೀರು ಕುಡಿಯಲೆಂದು ಇಡುವ ದುಂಡನೆಯ ತಗಡಿನ ತೊಟ್ಟಿ ಅದು. ಇಲ್ಲಿಯವರು ಅದನ್ನೇ ಹಿತ್ತಲಿಗೆ ತಂದು, ಸುತ್ತ ಬೇಲಿ ಹಾಕಿ, ಪುಟ್ಟ ಪೂಲ್ ಮಾಡಿಕೊಳ್ಳುತ್ತಾರೆ. ನಮಗದು ಬೇಕಾದದ್ದು ಮಗಳು ಚಾರುವಿಗಾಗಿ. ಐದನೆಯ ವಯಸ್ಸಿನಲ್ಲಿ ಯಾರದೋ ಮನೆಯ ಪೂಲಿನಲ್ಲಿ ಮುಳುಗಿ ನೀರು ಕುಡಿದಿದ್ದಳು. ಅಂದಿನಿಂದ ತಲೆಗೆ ಒಂದು ಚೊಂಬು ನೀರು ಹಾಕಿದರೂ ಚೀರುತ್ತಿದ್ದಳು. ಎತ್ತ ಹೋದರೂ ಬೀಚು, ಪೂಲು ಇರುವ ಈ ಊರಲ್ಲಿ ನೀರಿಗೆ ಹೆದರುವ ಮಗುವನ್ನು ಹೇಗೆ ಬೆಳೆಸುವುದೆಂದು ನನಗೆ ದಿಗಿಲು.

ತೊಟ್ಟಿ ಹಳೆಯದು, ಒಳಗೆ ಅಲ್ಲಲ್ಲಿ ತುಕ್ಕಿತ್ತು. ಆದ್ದರಿಂದ ತಳಕ್ಕೆ ದಪ್ಪ ಬಟ್ಟೆ ಹಾಸಿ, ಮೇಲೆ ಲೈನರ್, ಅಂದರೆ ಒಳಮೈಗೆಲ್ಲ ಹೊದಿಸುವ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಬೇಕಿತ್ತು. ಬಟ್ಟೆ ಹಾಸುವ ಹೊತ್ತಿಗೆ ಅಂಕಲ್ ನಮ್ಮನ್ನೆಲ್ಲ ಅಲ್ಲಿಂದ ಎಬ್ಬಿಸಿದರು. "ಒಳಗ ನಡೀರಿ. ಎಲ್ಲಾರ ಕಣ್ಣು ಬಿದ್ರ ಕೆಲಸ ಕೆಡತೈತಿ."

ಚಾರುವನ್ನು ನೀರಿಗಿಳಿಸಿದ್ದೂ ಅವರೇ. "ತಲಿ ಮುಳಗಿಸು ಅಂತ ನಾ ಹೇಳಂಗಿಲ್ಲವ್ವಾ. ಕಿವಿ ಅಷ್ಟ ನೀರಾಗಿಡು. ನಾ ಹೊರಗಿಂದ ಬಡೀತೀನಿ, ಎಷ್ಟ ಸಲ ಬಡದೆ ಹೇಳು." ಸ್ಪ್ಯಾನರಿನಿಂದ ತಗಡಿಗೆ ಟಣ್ ಟಣ್ ಎಂದು ಬಡಿಯುವರು. ನೀರಿನೊಳಗೆ ಆ ಸದ್ದು ಹೇಗೆ ಕೇಳುತ್ತದೆಂಬ ಕುತೂಹಲಕ್ಕೆ ಮಗು ಮೊದಲು ಒಂದು ಕಿವಿ ಇಟ್ಟಿತು, ಆಮೇಲೆ ಎರಡೂ. ತಿಂಗಳಾಗುವಷ್ಟರಲ್ಲಿ ತಲೆ ಪೂರ್ತಿ ಮುಳುಗಿಸಿ, ಮೇಲೆದ್ದು "ಫೋರ್!" ಎಂದು ಕೂಗುತ್ತಿದ್ದಳು.

"ಒಮ್ಮೆ ಎಣಿಸಿದ್ದು ಎಣಿಕಿ ಅಲ್ಲ. ಇನ್ನೊಮ್ಮೆ," ಎನ್ನುವರು ಅಂಕಲ್.

ಎರಡು ಬೇಸಿಗೆ ಹೀಗೆ ಕಳೆಯಿತು. ಮೂರನೆಯ ಬೇಸಿಗೆಯಲ್ಲಿ ತೊಟ್ಟಿಯ ನೀರು ಇಳಿಯತೊಡಗಿತು. ಅಂಕಲ್ ಮುಖದಲ್ಲಿ ಹಳೆಯ ಕಳೆ ಬಂತು. ತೊಟ್ಟಿಯೊಳಗಿನ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಎರಡರ ಮಟ್ಟಕ್ಕೂ ಗೆರೆ ಎಳೆದರು. ಬಿಸಿಲಿಗೆ ಆರುತ್ತಿದ್ದರೆ ಎರಡೂ ಸಮನಾಗಿ ಇಳಿಯಬೇಕು. ಬಕೆಟ್ಟಿನದು ಇಳಿದದ್ದು ಗೊತ್ತೇ ಆಗಲಿಲ್ಲ, ತೊಟ್ಟಿಯದು ನಾಲ್ಕು ಬೆರಳು ಇಳಿದಿತ್ತು. ಲೈನರ್ ತೂತಾಗಿದೆ ಎಂಬುದು ಖಾತ್ರಿಯಾಯಿತು. ಯಾರು ಮಾಡಿದ್ದು? ಮೊದಲು ಲೈನರ್ ಮಾರಿದವನ ಮೇಲೆ ಗುಮಾನಿ, ಆಮೇಲೆ ಬೇಲಿಯ ಮೇಲೆ ಕೂರುವ ಮ್ಯಾಗ್‌ಪೈ ಹಕ್ಕಿ, ಪಕ್ಕದ ಮನೆಯ ನಾಯಿ, ಕೊನೆಗೆ ನನ್ನ ಗಂಡನ ಕಾಲಿನ ಉಗುರು. ನಾವು ನಕ್ಕೆವು. ನಾಲ್ಕನೆಯ ದಿನ ತೊಟ್ಟಿಯ ತಳದಲ್ಲಿ ಚಾರುವಿನ ಹೇರ್‌ಪಿನ್ ಸಿಕ್ಕಿತು.

"ಇದು ಯಾರದು?" ಅಂಕಲ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಐ ಡಿಡ್‌ನ್ಟ್ ಡೂ ಎನಿಥಿಂಗ್," ಎಂದಳು ಚಾರು.

"ಎಲ್ಲಾರೂ ಹಂಗ ಅಂತಾರ."

"ಮಗು ಮೇಲೆ ಯಾಕೆ ಹೊರಿಸ್ತೀರಾ ಅಂಕಲ್?" ನನಗೆ ರೇಗಿತು.

"ಪುರಾವೆ ಐತಲ್ಲ, ತಂಗಿ."

ಚಾರು ಟವೆಲ್ ಸುತ್ತಿಕೊಂಡು ಒಳಗೆ ಹೋದವಳು ಮತ್ತೆ ತೊಟ್ಟಿಯ ಕಡೆ ಬರಲಿಲ್ಲ. ಆ ವಾರ ತಲೆಗೆ ನೀರು ಹಾಕುವಾಗ ಹಳೆಯ ಚೀರಾಟ ಮತ್ತೆ ಕೇಳಿಸಿತು. ಎರಡು ವರ್ಷ ಪಟ್ಟ ಪಾಡೆಲ್ಲ ಒಂದು ಪಿನ್ನಿಗೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಇನ್ನು ಈ ಮನುಷ್ಯ ಮನೆಗೆ ಬರುವುದೇ ಬೇಡ ಅನ್ನಿಸಿತು. ಆದರೆ ಹೊಸ ಲೈನರ್ ಹಾಕಲು ಅವರನ್ನು ಬಿಟ್ಟರೆ ಗತಿಯಿರಲಿಲ್ಲ.

ಲೈನರ್ ಬದಲಿಸುವ ದಿನ ಮತ್ತೆ ಅದೇ ಮಾತು: "ಒಳಗ ನಡೀರಿ." ಈ ಸಲ ನಾನು ಅಡುಗೆಮನೆಯ ಕಿಟಕಿಯಿಂದ ಕದ್ದು ನೋಡಿದೆ. ಅನುಮಾನ ಅಂಟುರೋಗ. ಅಂಕಲ್ ನೀರೆಲ್ಲ ಹೊರಗೆ ಬಿಟ್ಟರು, ಹಳೆಯ ಲೈನರನ್ನು ಸುರುಳಿ ಸುತ್ತಿ ಎತ್ತಿದರು, ಅಡಿಯ ಬಟ್ಟೆ ಸರಿಸಿದರು. ಆಮೇಲೆ ಬಗ್ಗಿದವರು ಬಗ್ಗಿಯೇ ಇದ್ದರು. ಏನನ್ನೋ ಹೆಕ್ಕಿ, ಆಚೀಚೆ ನೋಡಿ, ಅಂಗಿಯ ಜೇಬಿಗೆ ಸೇರಿಸಿದರು.

ನಾನು ಹೊರಗೆ ಬಂದೆ. "ಏನು ಸಿಕ್ತು, ಅಂಕಲ್?"

"ಏನಿಲ್ಲ."

ಅವರು ಹಾಗೆ ತಲೆ ತಗ್ಗಿಸಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ತುಕ್ಕು ಉಜ್ಜಿದರು, ಬಣ್ಣ ಬಳಿದರು. ಅದು ಒಣಗಿದ ಮೇಲೆ ಹೊಸ ಬಟ್ಟೆ ಹಾಸಿ, ಬಿಸಿಲಲ್ಲಿ ಮೆತ್ತಗಾದ ಹೊಸ ಲೈನರನ್ನು ಹರಡಿ, ಬರಿಗಾಲಲ್ಲಿ ನಡುವಿನಿಂದ ಅಂಚಿನವರೆಗೆ ಸುಕ್ಕು ತೀಡಿದರು. ನೀರು ಬಿಟ್ಟು ಹೊರಟುಹೋದರು. ಪುರಾವೆ ಜೇಬಿಗಿಳಿಸಿದ ಈ ಕಳ್ಳ ನಾಳೆ ಬರಲಿ, ಬಾಯಿ ಬಿಡಿಸುತ್ತೇನೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಬಾಯಿ ಬಿಡಿಸುವ ಪ್ರಮೇಯ ಬರಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಬಂದು ಚಾರುವನ್ನು ಕರೆದು, ಅವಳ ಮುಂದೆ ಅಂಗೈ ಬಿಚ್ಚಿದರು. ಹಸಿರುಗಟ್ಟಿದ ಪುಟ್ಟ ತಾಮ್ರದ ತಗಡು, ಮೇಲೆ ಮಂತ್ರಿಸಿ ಕೊಡುವ ಯಂತ್ರದ ಗೆರೆಗಳು.

"ನಿಂದಲ್ಲವ್ವಾ, ತಪ್ಪು ನಂದು. ನಾ ವಿಮಾನದಾಗ ಅಂಜಬಾರ್ದು ಅಂತ ನಮ್ಮ ಮನಿಯಾಕಿ ಮಠದಿಂದ ತಂದಿಟ್ಟಿದ್ದು ಇದು. ಆಕಿ ಹೋದಮ್ಯಾಲೆ ಜೇಬಿನಾಗ ಇಟ್ಕೊಂಡು ಬಂದೆ. ನೀನೂ ನೀರಿಗೆ ಅಂಜತಿದ್ದಿ ನೋಡು, ಅದಕ್ಕ ಬಟ್ಟಿ ಕೆಳಗ ಇಟ್ಟೆ." ನನ್ನ ಕಡೆ ತಿರುಗಿದರು. "ಈ ತೊಟ್ಟಿ ತಗಡಿಗೂ ತಾಮ್ರಕ್ಕೂ ಆಗಿಬರಂಗಿಲ್ಲ, ತಂಗಿ. ಹಸಿ ಸಿಕ್ರ ತಾಮ್ರ ತಗಡನ್ನ ತಿಂತೈತಿ. ತುಕ್ಕು ಮುಳ್ಳಿನಂಗ ಎದ್ದು ಲೈನರ್ ಹರದೈತಿ. ಜೀವಮಾನ ಎಲ್ಲಾರಿಗೂ ಇದನ್ನ ಹೇಳ್ಕೋತ ಬಂದಾಂವ ನಾನು."

ಯಾರನ್ನೂ ನಂಬದ ಮನುಷ್ಯ, ತನ್ನ ಹತ್ತಿರ ಇದ್ದ ಒಂದೇ ಒಂದು ನಂಬಿಕೆಯನ್ನು ನನ್ನ ಮಗಳಿಗೆ ಕೊಟ್ಟಿದ್ದರು. ಅವರನ್ನು ಕಳ್ಳ ಅಂದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು.

ಚಾರು ತಗಡನ್ನು ತಿರುಗಿಸಿ ನೋಡಿದಳು. "ಹೌ ಡು ಐ ನೋ?"

ಅಂಕಲ್ ಜೋರಾಗಿ ನಕ್ಕರು. "ಶಾಣ್ಯಾ ಅದಿ! ಬಾ, ತುಕ್ಕು ಹಿಡದ ಹಳೇ ಬಟ್ಟಿ ತೋರಸ್ತೀನಿ." ಆ ಸಂಜೆ ಹಿತ್ತಲಿನಿಂದ ಟಣ್ ಟಣ್ ಸದ್ದು ಕೇಳಿಸಿತು.

ಮರುವರ್ಷ ಮಗನ ಕೆಲಸ ಬದಲಾಗಿ ಅವರು ಮೆಲ್ಬೋರ್ನಿಗೆ ಹೋದರು. ಹೋದ ಚಳಿಗಾಲದಲ್ಲಿ ಅವರಿಗೆ ಹುಷಾರಿಲ್ಲವೆಂದು ತಿಳಿದು ನಾವು ಹೋದೆವು. ಅದೇ ಕೊನೆಯ ಭೇಟಿ. ಕಬ್ಬಿಣದ ಸರಳಿದ್ದ ಮಂಚದಲ್ಲಿ ಮಲಗಿದ್ದರು. ಕಿವಿ ಹೆಚ್ಚುಕಡಿಮೆ ಹೋಗಿತ್ತು. ನೆಲದೊಳಗಿನ ನೀರನ್ನು ಕೇಳಿಸಿಕೊಳ್ಳುತ್ತಿದ್ದ ಆ ಕಿವಿ ನನ್ನ ಕೂಗಿಗೂ ಓಗೊಡದಿದ್ದಾಗ ಅಳು ಬಂತು.

"ತೊಟ್ಟಿ ಸೋರತೈತೇನು?" ಎಂದು ಗಟ್ಟಿಯಾಗಿ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ನಂಬಿದಂತೆ ಕಾಣಲಿಲ್ಲ.

ಚಾರು ಮೇಜಿನ ಮೇಲಿದ್ದ ಚಮಚ ತೆಗೆದುಕೊಂಡು ಮಂಚದ ಸರಳಿಗೆ ಒಮ್ಮೆ ಬಡಿದಳು. ಅಂಕಲ್ ಕಣ್ಣು ಅರಳಿತು. ಕಷ್ಟಪಟ್ಟು ಹೊರಳಿ ಸರಳಿಗೆ ಕಿವಿ ಹಚ್ಚಿದರು. ಚಾರು ಮೊದಲಿನಿಂದ ಶುರುಮಾಡಿ, ನಿಧಾನವಾಗಿ ಐದು ಸಲ ಬಡಿದಳು.

"ಏಳು," ಎಂದರು ಅಂಕಲ್. "ಖರೇನ?"

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಮಗಳು ಅವರ ಕಿವಿಯ ಹತ್ತಿರ ಬಗ್ಗಿ, "ಹೌದು ಅಜ್ಜ, ಏಳು" ಎಂದಳು.

ಹಿಟ್ಟಿನ ಪ್ಯಾಕೆಟ್ಟನ್ನು ದಿಟ್ಟಿಸುತ್ತಿದ್ದ ಹಾಗೆ ಅವಳ ಮುಖವನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿದರು. ಇನ್ನೊಮ್ಮೆ ಬಡಿ ಎನ್ನಲಿಲ್ಲ.