ಎಲ್ಲಾ ಬ್ರೇಕೂ ಒಂದೇ ಎಂದವನು

ಶಾರದಮ್ಮ ಟೀಚರೇ, ನಿಂಗಮ್ಮನ ಕಾಲು ಮುರಿದದ್ದಕ್ಕೆ ಕಾರಣ ನಾನು. ಆರು ವರ್ಷದಿಂದ ಆ ತಪ್ಪನ್ನು ನೀವು ಹೊತ್ತು ತಿರುಗುತ್ತಿದ್ದೀರಿ — ನಾನು ನೋಡಿಕೊಂಡು ಸುಮ್ಮನಿದ್ದೆ.

ಮದ್ದೂರಿನಲ್ಲಿ ನಿಮಗೆ ಕಾರು ಕಲಿಸಿದವನು ನಾನೇ. ನನ್ನದು ಹಳೇ ಗಾಡಿ. ಬ್ರೇಕನ್ನು ಒಂದೇ ಸಮ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುತ್ತಿತ್ತು. ಅದಕ್ಕೇ "ತುಳ್ದು ಬುಡಿ, ತುಳ್ದು ಬುಡಿ" ಎಂದು ನಿಮ್ಮ ಕಾಲಿಗೆ ಪಾಠ ಹತ್ತುವ ತನಕ ಕೂಗಿದೆ. ನಿಮ್ಮಷ್ಟು ಶ್ರದ್ಧೆಯಿಂದ ಕಲಿತವರು ಇನ್ನೊಬ್ಬರಿಲ್ಲ.

ಹೊಸ ಕಾರು ಕೊಂಡಾಗ ಅದರ ಪುಸ್ತಕ ಹಿಡಿದುಕೊಂಡು ಬಂದಿರಿ. "ಸಾರ್, ಇದ್ರಲ್ಲಿ ಎಬಿಎಸ್ ಐತಂತೆ. ಬ್ರೇಕ್ ಬೇರೆ ಥರ ತುಳೀಬೇಕಾ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ — ನಮ್ಮ ಬೀದಿಗೆ ನಾನೊಬ್ಬನೇ ಗುರು. "ಎಲ್ಲಾ ಬ್ರೇಕೂ ಒಂದೇ ಕಣಮ್ಮ" ಅಂದುಬಿಟ್ಟೆ.

ಆಮೇಲೆ ಆ ಮಧ್ಯಾಹ್ನ... ಮಳವಳ್ಳಿ ರಸ್ತೆಯ ಮೇಲೆ ಹುರುಳಿ ಸೊಪ್ಪು ಹರಡಿದ್ದರು, ಹೋಗಿಬರುವ ಗಾಡಿಗಳೇ ತುಳಿದು ಕಾಳು ಉದುರಿಸಲಿ ಎಂದು, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ. ತಿರುವು ಕಳೆದ ಕೂಡಲೇ ಆ ಸೊಪ್ಪು ಮಗುಚುತ್ತಿದ್ದ ನಿಂಗಮ್ಮ ಎದುರಾದರು. ಆಮೇಲೆ ನೀವೇ ನನಗೆ ಹೇಳಿದ ಹಾಗೆ, ಬ್ರೇಕ್ ತುಳಿದಿರಿ. ಪೆಡಲ್ ಕಾಲ ಕೆಳಗೆ ಗರಗರ ನಡುಗಿತು. ಬಿಟ್ಟಿರಿ, ಮತ್ತೆ ತುಳಿದಿರಿ, ಮತ್ತೆ ಬಿಟ್ಟಿರಿ —

ಮಂಡ್ಯದ ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದಿರಿ, "ಸಾರ್, ನಾನೇನ್ ತಪ್ಪು ಮಾಡ್ದೆ?" ಅಷ್ಟರಲ್ಲಿ ನಾನು ಮೆಕ್ಯಾನಿಕ್ ಒಬ್ಬನನ್ನು ವಿಚಾರಿಸಿಕೊಂಡು ಬಂದಿದ್ದೆ. ಎಬಿಎಸ್ ಇದ್ದರೆ ಬಿಟ್ಟು ಬಿಟ್ಟು ತುಳಿಯುವ ಕೆಲಸ ಗಾಡಿಯದೇ. ನಾವು ಒತ್ತಿದ ಕಾಲು ತೆಗೆಯಬಾರದು. ಚಕ್ರ ಕಚ್ಚಿಕೊಳ್ಳುವುದಿಲ್ಲ, ಪಕ್ಕಕ್ಕೆ ತಿರುಗಿಸಬಹುದು. ಆ ನಡುಕವೇ ಅದು ಕೆಲಸ ಮಾಡುತ್ತಿರುವ ಗುರುತು. ಇಷ್ಟೆಲ್ಲ ತಿಳಿದುಕೊಂಡೇ ನಿಮ್ಮ ಮುಖ ನೋಡಿ ಹೇಳಿದೆ: "ಗಾಬರಿ ಬಿದ್ಬುಟ್ರಿ ಕಣಮ್ಮ, ಅಷ್ಟೇಯ."

ನನಗೆ ನಾನೇ ಒಂದು ಸಮಾಧಾನವನ್ನೂ ಕಟ್ಟಿಕೊಂಡಿದ್ದೆ. ಸಡಿಲ ಜಲ್ಲಿ, ಹುಲ್ಲು, ಸೊಪ್ಪಿನ ಮೇಲೆ ಎಬಿಎಸ್ ಗಾಡಿ ನಿಲ್ಲಲು ಇನ್ನೂ ಹೆಚ್ಚು ದೂರ ಬೇಕಾಗಬಹುದು ಎಂದು ಅದೇ ಮೆಕ್ಯಾನಿಕ್ ಹೇಳಿದ್ದ. ಹಾಗಾದರೆ ಹೇಗಿದ್ದರೂ ಆಗುತ್ತಿತ್ತೇನೋ... ಇಲ್ಲ. ಎಡಗಡೆ ರಸ್ತೆ ಪಕ್ಕ ಖಾಲಿ ಇತ್ತು, ಆಚೆ ಕಬ್ಬಿನ ಗದ್ದೆ. ನೀವು ಪುಸ್ತಕ ಹಿಡಿದು ಬಂದ ದಿನವೇ ತಿಳಿದುಕೊಂಡು, ಒತ್ತಿ ಹಿಡಿದು ತಿರುಗಿಸಿ ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು.

ನೀವು ಕಾರು ಮಾರಿದಿರಿ. ಈಗ ಕೊಪ್ಪದ ಶಾಲೆಗೆ ಬಸ್ಸಿನಲ್ಲಿ ಹೋಗುತ್ತೀರಿ. ಪ್ರತಿ ಭಾನುವಾರ ನಿಂಗಮ್ಮನ ಜಗಲಿಯಲ್ಲಿ ಕೂತು ಕ್ಷಮೆ ಕೇಳಿ ಬರುತ್ತೀರಂತೆ. ಅದನ್ನು ಕೇಳಿದ ಮೇಲೆ ತಡೆಯಲಾಗದೆ, ನಿನ್ನೆ ನಾನೇ ಅಲ್ಲಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ನಿಂಗಮ್ಮ ಕೋಲು ಊರಿಕೊಂಡು ಎದ್ದು ನಿಂತರು. "ಟೀಚರಮ್ಮಂಗೆ ಯೋಳಿದ್ಯಾ? ಇಲ್ವಾ? ಮತ್ಯಾಕ್ಲಾ ನನ್ ತಾವ ಬಂದು ಅಳ್ತೀಯಾ? ಮೊದ್ಲು ಓಗಿ ಆಯಮ್ಮಂಗೆ ಯೋಳು."

ಅವರು ಬೈದದ್ದು ಸರಿಯಾಗೇ ಇತ್ತು. ನಾಳೆ ಬೆಳಿಗ್ಗೆ ನೀವು ಬಸ್ಸಿಗೆ ನಿಂತಿರುವಾಗ ಈ ಕಾಗದ ಕೈಗೆ ಕೊಡುತ್ತೇನೆ. ಓದಿ ಮುಗಿಸುವ ತನಕ ಅಲ್ಲೇ ಇರುತ್ತೇನೆ, ಏನಂದರೂ ಕೇಳಿಸಿಕೊಳ್ಳುತ್ತೇನೆ. ಅವತ್ತು ಆಸ್ಪತ್ರೆಯಲ್ಲಿ ನೀವು ಕೇಳಿದ್ದಕ್ಕೆ ಉತ್ತರ ಇದು: ನೀವು ಗಾಬರಿ ಬೀಳಲಿಲ್ಲ ಟೀಚರೇ. ನಾನು ಕಲಿಸಿದ್ದನ್ನೇ ಮಾಡಿದಿರಿ.