ನನ್ನ ಮೂಗಿಗೆ ತಿಳಿಯದ ವಾಸನೆ

ನಮ್ಮ ಮನೆಗೆ ಬಂದವರು ಬಾಗಿಲಲ್ಲೇ ಒಮ್ಮೆ ಮೂಗು ಉಜ್ಜಿಕೊಳ್ಳುತ್ತಾರೆ. ಅದನ್ನು ಕಂಡರೆ ನನಗೆ ಸಿಟ್ಟು. ಮದುವೆಯಾಗಿ ಕಾಪುವಿಗೆ ಬಂದಂದಿನಿಂದ ಬೀಡಿ ಕಟ್ಟುತ್ತಿದ್ದೇನೆ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ದಿಂಬಿಗೂ ಅದೇ ವಾಸನೆ, ಅನ್ನಕ್ಕೂ ಅದೇ ವಾಸನೆ ಎಂದು ಗಂಡ ತಮಾಷೆ ಮಾಡುತ್ತಾರೆ. ಅವರು ಮಲ್ಪೆಯ ಬೋಟಿನಲ್ಲಿ ದುಡಿಯುವವರು, ಹತ್ತು ದಿನಕ್ಕೊಮ್ಮೆ ಮನೆ ಕಾಣುವವರು. ಅವರ ಮೈಯ ಮೀನಿನ ವಾಸನೆಯ ಬಗ್ಗೆ ನಾನು ಎಂದಾದರೂ ಮಾತೆತ್ತಿದ್ದೇನೆಯೇ?

ಕಳೆದ ವರ್ಷ ನನ್ನ ತಾಯಿಗೆ ಮಣಿಪಾಲದಲ್ಲಿ ಆಪರೇಷನ್ ಆಯಿತು. ಕಾರ್ಕಳದ ತವರಿನಲ್ಲಿ ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಹನ್ನೆರಡು ದಿನ ಆಸ್ಪತ್ರೆಯಲ್ಲಿ ನಾನೇ ನಿಂತೆ. ಬಾಣಂತನ ಬಿಟ್ಟರೆ ಅಷ್ಟು ದಿನ ಬೀಡಿ ಎಲೆ ಮುಟ್ಟದೆ ಇದ್ದದ್ದು ಅದೇ ಮೊದಲು. ಹಿಂದಿರುಗಿದ ಸಂಜೆ ಮಗ ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಚೀಲ ಎತ್ತಿಕೊಳ್ಳಲು ಬಗ್ಗಿದ. ಆಗ ಬಂತು ವಾಸನೆ. ಒಣ ಹೊಗೆಸೊಪ್ಪಿನದಲ್ಲ, ಸುಟ್ಟದ್ದು. ಅವನ ಬಾಯಿಂದ. ಉಡುಪಿಯಲ್ಲಿ ಪಿಯುಸಿ ಓದುವ, ಇನ್ನೂ ಸರಿಯಾಗಿ ಮೀಸೆ ಮೂಡದ ಹುಡುಗ.

ನಾನು ಮೊದಲು ಬಾರಿಸಿ ಆಮೇಲೆ ಕೇಳುವವಳು. ಸುತ್ತ ಜನರಿದ್ದುದರಿಂದ ಬಚಾವಾದ. ಮನೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದು ಹೆದರಿಕೆ ಹತ್ತಿತ್ತು. ಅಡುಗೆಮನೆಯಲ್ಲಿ ಎದುರಿಗೆ ಕೂರಿಸಿಕೊಂಡೆ.

"ಸೇದ್ಲಿಕ್ಕೆ ಶುರು ಮಾಡಿ ಎಷ್ಟು ಸಮಯ ಆಯ್ತು?"

"ಎಂತ ಅಮ್ಮ?"

"ಎಂತ ಅಂತ ನಿನಗೂ ಗೊತ್ತುಂಟು, ನನಗೂ ಗೊತ್ತುಂಟು."

"ನಾಲ್ಕು ತಿಂಗಳು" ಎಂದ, ತಲೆ ಎತ್ತದೆ.

ಎದೆ ಹಾಳಾಗುವುದು, ಕೆಮ್ಮು, ಅಪ್ಪನ ಮರ್ಯಾದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಕೇಳಿದ: "ನೀನು ಕಟ್ಟುವುದನ್ನೂ ಯಾರೋ ಸೇದ್ತಾರೆ ಅಲ್ವಾ ಅಮ್ಮ?"

ನಿನ್ನ ಫೀಸು ಎಲ್ಲಿಂದ ಬಂತು ಎಂದು ಕೇಳಲು ನಾಲಿಗೆ ತುರಿಸಿತು. ಕೇಳಲಿಲ್ಲ. "ಸೇದ್ತಾರೆ. ಅವರಿಗೂ ಅಮ್ಮಂದಿರು ಇದ್ದಾರೆ ಅಂತ ನನ್ನ ತಲೆಗೆ ಹೋಗಲೇ ಇಲ್ಲ ಮಾರಾಯ. ಆದರೆ ನೀನು ಸೇದಬೇಡ. ನನಗೆ ಹೆದರಿಕೆ ಆಗ್ತದೆ."

ಹೆದರಿಕೆಯಾಗುತ್ತದೆ ಎಂದು ಮಗನ ಮುಂದೆ ಅದುವರೆಗೆ ಹೇಳಿದವಳಲ್ಲ ನಾನು. ಅವನ ಕಣ್ಣು ತುಂಬಿತು.

"ನಿನಗೆ ಮೊದಲೇ ಗೊತ್ತುಂಟು ಅಂತ ಎಣಿಸಿದ್ದೆ. ದಿನಾ ನಿನ್ನ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ. ನೀನು ಒಂದು ಮಾತೂ ಕೇಳ್ಲಿಲ್ಲ."

ಹೊಗೆಸೊಪ್ಪಿನಲ್ಲೇ ಮುಳುಗಿದ ನನಗೆ ವಾಸನೆ ತಿಳಿದಿರಲಿಲ್ಲ. ನಾನು ಕೇಳದಿದ್ದುದನ್ನು ಅವನು ಒಪ್ಪಿಗೆ ಎಂದುಕೊಂಡಿದ್ದ. ಅವತ್ತು ಇಬ್ಬರೂ ಅತ್ತೆವು.

ಬೀಡಿ ಕಟ್ಟುವುದನ್ನು ಬಿಡಲಿಲ್ಲ; ನನಗೆ ಬೇರೆ ಕೆಲಸ ಬಾರದು. ಗೆರಸೆ ಮಾತ್ರ ಮನೆಯೊಳಗಿಂದ ಹಿತ್ತಲಿನ ಮಾಡಿನಡಿಗೆ ಹೋಯಿತು. ಅವನ ಬಸ್ಸಿನ ಹೊತ್ತಿಗೆ ಕೈ ತೊಳೆದು ಚಾ ಇಟ್ಟು ಜೊತೆಗೆ ಕೂರುತ್ತೇನೆ. ಯಾರ ಜೊತೆ ತಿರುಗಿದ, ಏನು ತಿಂದ ಎಂದು ಕೇಳುತ್ತೇನೆ. ಅವನ ಗೆಳೆಯರ ಹೆಸರೂ ನನಗೆ ಗೊತ್ತಿರಲಿಲ್ಲ, ಈಗ ಕೆಲವರು ಮನೆಗೇ ಬಂದು ಮೀನು ಸಾರು ಉಣ್ಣುತ್ತಾರೆ.

ಪೂರ್ತಿ ಬಿಟ್ಟನೇ ಎಂದರೆ ಆಣೆ ಹಾಕಲಾರೆ. ನಡುವೆ ಎರಡು ಸಲ ಸೇದಿದ. ಎರಡು ಸಲವೂ ನನಗೆ ಏನೂ ಗೊತ್ತಾಗಿರಲಿಲ್ಲ. ಅವನೇ ಬಂದು ಹೇಳಿದ.