ಒಳ್ಳೆ ಗಡ್ಡೆ, ಬಲಗಡೆ ಹೂ

ನನ್ನ ತಲೆಯೊಳಗೆ ಇದ್ದದ್ದು ಒಳ್ಳೆಯ ಗಡ್ಡೆ. ಇದು ನಾನು ಕಟ್ಟಿದ ಮಾತಲ್ಲ, ವೇಲೂರಿನ ಡಾಕ್ಟರು ಹೇಳಿದ್ದು. ಕೆಟ್ಟ ಜಾತಿಯದಲ್ಲ, ಬೇರೆ ಕಡೆ ಹರಡುವುದಿಲ್ಲ, ಪುಣ್ಯ ಮಾಡಿದ್ದೀರಿ ಅಂದರು. ಅಷ್ಟು ಒಳ್ಳೆಯದಾದರೆ ನೀವೇ ಇಟ್ಟುಕೊಳ್ಳಿ ಸ್ವಾಮಿ ಅನ್ನುವ ಮಾತು ಬಾಯಿಗೆ ಬಂದಿತ್ತು. ತಲೆ ಬಿಚ್ಚಿ ಹೊಲಿಯುವವರ ಹತ್ತಿರ ನಾಲಿಗೆ ಉದ್ದ ಮಾಡಬಾರದು ಅನ್ನುವಷ್ಟು ಬುದ್ಧಿಯನ್ನು ಆ ಗಡ್ಡೆ ನನಗೆ ಉಳಿಸಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿಗಾಂನಲ್ಲಿ ಚಿನ್ನದ ಗಣಿ ಕೆಲಸದವರ ಸಾಲುಸಾಲು ಲೈನುಮನೆಗಳಲ್ಲೊಂದರಲ್ಲಿ ನಮ್ಮ ಸಂಸಾರ. ಯಜಮಾನರು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಾನು ಲೈನಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದೆ. ಅತ್ತೆ ಬಂಗಾರಪೇಟೆ ಪಕ್ಕದ ಹಳ್ಳಿಯ ಹೊಲ, ಹಸು ಎಲ್ಲ ದೊಡ್ಡ ಮಗನಿಗೆ ಒಪ್ಪಿಸಿ, ನನ್ನನ್ನು ತಿದ್ದುವ ಕೆಲಸವೊಂದನ್ನು ಮಾತ್ರ ಇಟ್ಟುಕೊಂಡು ನಮ್ಮ ಜೊತೆಗಿದ್ದರು.

ಮೊದಲನೇ ಆಪರೇಷನ್ ಮುಗಿಸಿ ಬೋಳುತಲೆಗೆ ಸೆರಗು ಹೊದ್ದು ಬಂದಾಗ ಲೈನಿನವರು ಕೈ ಮುಗಿದರು. ತಿರುಪತಿಗೆ ಮುಡಿ ಕೊಟ್ಟು ಬಂದಿದ್ದಾಳೆ ಅಂತ ತಿಳಿದಿದ್ದರು. ಅತ್ತೆ ತಿದ್ದಲಿಲ್ಲ. ತಲೆಗೆ ಆಪರೇಷನ್ ಅಂದರೆ ಸೊಸೆಗೆ ಹುಚ್ಚು ಅಂತಲೇ ಸುದ್ದಿ ಹಬ್ಬುತ್ತದೆ ಅಂತ ಅವರ ಭಯ. ರಾಬರ್ಟ್‌ಸನ್‌ಪೇಟೆಯ ಮಿಠಾಯಿ ಅಂಗಡಿಯಿಂದ ಲಾಡು ತರಿಸಿ, ಪುಡಿ ಮಾಡಿ, ಮನೆಮನೆಗೆ ಹಂಚಿಬಿಟ್ಟರು. ಎದುರುಮನೆಯ ತಮಿಳಿನವಳು ಕಣ್ಣಿಗೊತ್ತಿಕೊಂಡು ತಿಂದು, ಯಾಕೋ ಈಚೆಗೆ ಪ್ರಸಾದದಲ್ಲಿ ತುಪ್ಪ ಕಮ್ಮಿ ಮಾಡಿದ್ದಾರೆ ಅಂದಳಂತೆ. ವೆಂಕಟರಮಣನ ಮೇಲೆ ಬಂದ ಈ ಅಪವಾದಕ್ಕೆ ನನ್ನ ಒಳ್ಳೆಯ ಗಡ್ಡೆಯೇ ಕಾರಣ.

ಡಾಕ್ಟರು ಅದನ್ನು ಪೂರ್ತಿ ತೆಗೆದಿರಲಿಲ್ಲ. ಕಣ್ಣು ಕಂಡದ್ದನ್ನು ಮೆದುಳಿಗೆ ಮುಟ್ಟಿಸುವ ನರಕ್ಕೆ ಒಂದು ಚೂರು ಅಂಟಿಕೊಂಡಿತ್ತು, ಕಿತ್ತರೆ ನೋಟವೇ ಹೋಗಬಹುದು ಅಂತ ಬಿಟ್ಟಿದ್ದರು. ಎರಡು ವರ್ಷದ ಮೇಲೆ ತಲೆನೋವು ಮತ್ತೆ ಶುರುವಾಯಿತು, ಮತ್ತೆ ವೇಲೂರಿಗೆ ಹೋದೆವು. ಚೂರು ಬೆಳೆಯುತ್ತಿರುವ ಹಾಗಿದೆ ಅಂದರು. ಇನ್ನೊಮ್ಮೆ ಆಪರೇಷನ್ ಮಾಡಿದರೆ ನೋಟಕ್ಕೂ ಅಪಾಯ, ಜೀವಕ್ಕೂ ಅಪಾಯ. ಮಾಡದಿದ್ದರೆ ಅದು ಸುಮ್ಮನೆ ಇದ್ದರೂ ಇರಬಹುದು, ಬೆಳೆದು ಕಣ್ಣು ಕಳೆದರೂ ಕಳೆಯಬಹುದು. ಸದ್ಯಕ್ಕೆ ನೋಟ ಸರಿಯಾಗಿದೆ, ಮನೆಗೆ ಹೋಗಿ ಯೋಚನೆ ಮಾಡಿ, ಆದರೆ ನೋಟದಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ಯೋಚನೆ ಬಿಟ್ಟು ಓಡಿ ಬನ್ನಿ, ನಿರ್ಧಾರ ನಿಮ್ಮದೇ ಅಂದರು. ಗಂಡು ಆರಿಸುವಾಗ ಕೂಡ ನನಗೆ ಯಾರೂ ಇಷ್ಟೊಂದು ಸ್ವಾತಂತ್ರ್ಯ ಕೊಟ್ಟಿರಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲರೂ ಡಾಕ್ಟರಾದರು. ಭಾವ ಹಳ್ಳಿಯಿಂದ ಬಂದು, ಒಳ್ಳೆಯದು ಅಂದಮೇಲೆ ಇರಲಿ ಬಿಡಮ್ಮ, ಮನೆಯಲ್ಲಿ ನೆಂಟರು ಇರುವುದಿಲ್ಲವೇ ಅಂದರು. ಅವರ ಮನೆಗೆ ನೆಂಟರು ಹೋದರೆ ಕಾಲು ತೊಳೆಯುವ ಮೊದಲೇ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವ ಮಹಾನುಭಾವರು. ಯಜಮಾನರು ನಿನಗೆ ಹೇಗನ್ನಿಸುತ್ತದೋ ಹಾಗೆ ಮಾಡು ಅಂದರು. ಇದು ಅವರು ಸಾರು ಯಾವುದು ಮಾಡಲಿ ಅಂದರೂ ಹೇಳುವ ಮಾತು. ಅತ್ತೆ ಮಾತ್ರ ಖಂಡಿತವಾಗಿ ಬೇಡ ಅಂದರು. ಪದೇಪದೇ ತೆಗೆದು ನೋಡಲು ಅದೇನು ತಲೆಯೋ ಟ್ರಂಕೋ ಅಂತ ಅವರ ವಾದ.

ನನಗೆ ಭಯ. ಇದರಲ್ಲಿ ಸುತ್ತಿ ಬಳಸಿ ಹೇಳುವುದೇನಿದೆ. ಮೊದಲ ಸಲ ನನ್ನ ಪಕ್ಕದ ಹಾಸಿಗೆಯವಳನ್ನು ಒಳಗೆ ಕರೆದುಕೊಂಡು ಹೋದವರು ಹಿಂದಕ್ಕೆ ಕರೆತರಲಿಲ್ಲ. ಅವಳ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವಳ ತಾಯಿ ಹೋದದ್ದನ್ನು ನೋಡಿದ್ದೆ. ಕಣ್ಣು ಹೋಗಿ ಅತ್ತೆಯ ಕೈತುತ್ತು ತಿನ್ನುವುದಕ್ಕಿಂತ ಸಾಯುವುದೇ ವಾಸಿ ಅನ್ನಿಸುತ್ತಿತ್ತು, ಸಾಯುವುದನ್ನು ನೆನೆದರೆ ಅತ್ತೆಯ ಕೈತುತ್ತು ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದೆ. ಒಂದೇ ಸಲಕ್ಕೆ ಪೋಣಿಸಿದರೆ, ಆಹಾ ನೋಟ ಚೆನ್ನಾಗಿದೆ, ಇನ್ನೂ ಯೋಚನೆ ಮಾಡಬಹುದು ಅಂತ ಸಮಾಧಾನ.

ನನ್ನ ಕಣ್ಣು ಚೆನ್ನಾಗಿತ್ತು, ಕೆಟ್ಟದ್ದು ಲೋಕ. ಕೊಳಾಯಿ ಹತ್ತಿರ ಯಾರಾದರೊಬ್ಬರು ಬಿಂದಿಗೆಯನ್ನು ದಾರಿಗೆ ಅಡ್ಡ ಇಟ್ಟಿರುತ್ತಿದ್ದರು. ನಾನು ಉರುಳಿಸುತ್ತಿದ್ದೆ, ತಮಿಳು, ತೆಲುಗು ಎರಡರಲ್ಲೂ ಬೈಸಿಕೊಂಡು ಕನ್ನಡದಲ್ಲಿ ವಾಪಸ್ ಕೊಡುತ್ತಿದ್ದೆ. ಬಾಗಿಲ ಚೌಕಟ್ಟು ತಗುಲಿ ತಗುಲಿ ಎಡತೋಳು ನೀಲಿಗಟ್ಟಿತ್ತು. ಗಣಿಯವರು ಕಟ್ಟಿಸಿದ ಬಾಗಿಲು, ಕೆಲಸಗಾರರ ಹೆಂಡತಿಯರು ದಪ್ಪ ಆಗದಿರಲಿ ಅಂತಲೇ ಈ ಅಳತೆ ಇಟ್ಟಿರಬೇಕು ಅಂದುಕೊಂಡೆ.

ಈ ನಡುವೆ ಅತ್ತೆ ಹೊಸದೊಂದು ದೂರು ತೆಗೆದರು. ಅವರು ಬಾಗಿಲ ಪಕ್ಕದ ಜಗಲಿಯಲ್ಲಿ, ಒಳಗೆ ಹೋಗುವಾಗ ಎಡಕ್ಕೆ ಸಿಗುವ ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸುವವರು. ಆ ಜಾಗ ಬಿಟ್ಟು ಕದಲುವವರಲ್ಲ, ಮಧ್ಯಾಹ್ನ ಅಲ್ಲಿ ನೆರಳು. ನೀರು ತಂದು ಅವರ ಪಕ್ಕದಲ್ಲೇ ಹಾದು ಹೋದರೂ ಸೊಸೆ ಕತ್ತೆತ್ತಿ ನೋಡುವುದಿಲ್ಲ, ತಲೆ ರಿಪೇರಿ ಆದಮೇಲೆ ಕೊಬ್ಬು ಬಂದಿದೆ ಅಂತ ಲೈನಿಗೆಲ್ಲ ಹೇಳಿದರು. ನನಗೋ ಅವರು ಇದ್ದಕ್ಕಿದ್ದಂತೆ ಎಲ್ಲಿಂದಲೋ ಕಿವಿಯ ಹತ್ತಿರ ಕೂಗುವುದು ಕೇಳಿ, ನನ್ನನ್ನು ಹಿಡಿಯಲೆಂದೇ ಬಚ್ಚಿಟ್ಟುಕೊಳ್ಳುತ್ತಾರೆ ಅಂತ ಅನುಮಾನ. ಹೀಗೆ ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದೆವು.

ಕೊನೆಗೆ ಅತ್ತೆಯೇ ದಾರಿ ಹುಡುಕಿದರು. ಹಳ್ಳಿಯ ಗಂಗಮ್ಮನ ಹತ್ತಿರ ಹೂ ಕೇಳುವುದು. ಬಾವಿ ತೋಡಲು, ಹೆಣ್ಣು ಕೊಡಲು, ಹಸು ಮಾರಲು ಆ ಊರಿನವರು ಕೇಳುವುದು ಗಂಗಮ್ಮನನ್ನೇ. ಪೂಜಾರಿ ಎರಡು ಹೂಗಳನ್ನು ನೀರಲ್ಲಿ ನೆನೆಸಿ ವಿಗ್ರಹದ ಎರಡು ಭುಜಕ್ಕೆ ಅಂಟಿಸುತ್ತಾನೆ. ಅಮ್ಮನ ಬಲಗಡೆಯದು ಮೊದಲು ಬಿದ್ದರೆ ಮಾಡು ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ವೇಲೂರಿನ ಡಾಕ್ಟರು ಇಷ್ಟೆಲ್ಲ ಓದಿ ಹೇಳಲಾರದೆ ಹೋದದ್ದನ್ನು ಎರಡು ಕಣಗಿಲೆ ಹೂ ಹೇಳಬೇಕಿತ್ತು.

ನಾನು ತಕ್ಷಣ ಒಪ್ಪಿದೆ. ಭಕ್ತಿಯಿಂದಲ್ಲ. ಪೂಜಾರಿ ಅತ್ತೆಗೆ ಸೋದರಮಾವನ ಮಗ. ಹಳ್ಳಿಗೆ ಹೋಗಿ ಇಳಿದ ಸಂಜೆಯೇ ಅತ್ತೆ ಸೆರಗಿನ ಮರೆಯಲ್ಲಿ ಅವರೆಕಾಯಿ ಒಯ್ದು ಗುಡಿಯ ಹಿಂದೆ ಅವನ ಜೊತೆ ಪಿಸುಗುಟ್ಟಿದ್ದನ್ನೂ ನೋಡಿದೆ. ಗಂಗಮ್ಮನ ಉತ್ತರ ಬೇಡ ಅಂತಲೇ ಬರುತ್ತದೆ ಅಂತ ಖಾತ್ರಿಯಾಯಿತು. ನನಗೂ ಬೇಕಾದದ್ದು ಅದೇ. ನಾನು ಹೆದರಿದೆ ಅನ್ನುವುದಕ್ಕಿಂತ ಅಮ್ಮ ಬೇಡ ಅಂದಳು ಅನ್ನುವುದು ಎಷ್ಟೋ ಮರ್ಯಾದೆಯ ಮಾತು.

ಮಾರನೆಯ ದಿನ ಗುಡಿಯಲ್ಲಿ ಪೂಜಾರಿ ತನ್ನ ಕೆಲಸ ಚೆನ್ನಾಗಿಯೇ ಮಾಡಿದ. ಅಮ್ಮನ ಬಲಭುಜದ ಹೂವನ್ನು ನೆನೆಸಿ ಒತ್ತಿ ಕೂರಿಸಿದ, ಎಡಭುಜದ್ದನ್ನು ಸುಮ್ಮನೆ ತಗುಲಿಸಿದ. ಆಮೇಲೆ ನನ್ನನ್ನು ಎದುರಿಗೆ ನಿಲ್ಲಿಸಿ, ಅಮ್ಮನ ಮುಖವನ್ನೇ ನೋಡುತ್ತಿರು, ಆ ಕಡೆ ಈ ಕಡೆ ನೋಡಬೇಡ ಅಂದ. ಬೆಳ್ಳಿಯ ಕಣ್ಣುಗಳನ್ನೇ ನೋಡುತ್ತ ನಿಂತೆ. ಎಣ್ಣೆಯ ವಾಸನೆ, ಕರ್ಪೂರದ ಹೊಗೆ. ಇದ್ದಕ್ಕಿದ್ದಂತೆ ಪೂಜಾರಿ ಗಂಟೆ ಬಾರಿಸಿದ. ಅತ್ತೆ ಅಯ್ಯೋ ಶಿವನೇ ಅಂದರು. ನನಗೆ ಕಾಣುತ್ತಿದ್ದ ಹೂ ಮಾತ್ರ ಅಲ್ಲೇ ಇತ್ತು.

ಏನಾಯಿತು ಅಂತ ಕೇಳಿದೆ. ಬಲಗಡೆ ಕೊಟ್ಟಳು ಅಂದರು ಯಜಮಾನರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾವ ಹೂವೂ ಬಿದ್ದಿಲ್ಲ, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದೇನೆ, ನೀವೆಲ್ಲ ಸೇರಿಕೊಂಡು ನನ್ನನ್ನು ಕೊಯ್ಯುವವರ ಕೈಗೆ ಕೊಡಲು ನಾಟಕ ಹೂಡಿದ್ದೀರಿ ಅಂತ ಅಮ್ಮನ ಎದುರಿಗೇ ಕೂಗಾಡಿಬಿಟ್ಟೆ.

ಅತ್ತೆ ನನ್ನ ಕಡೆ ತಿರುಗಿದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಬ್ಯಾಡ ಅಂತ ಏಳ್ಸಾಕೇ ಕಣೇ ನಾನು ಇವ್ನ ಕೈಕಾಲು ಇಡ್ದಿದ್ದು. ನಂಗೆ ಬ್ಯಾಡ್ದಿದ್ದ ಊವು ಬಿತ್ತು ಅಂತ ನಾನ್ಯಾಕೆ ಸುಳ್ಳೇಳ್ಲಿ?"

ಯಜಮಾನರು ಬಗ್ಗಿ ಅಮ್ಮನ ಪಾದದ ಹತ್ತಿರದಿಂದ ಏನನ್ನೋ ಎತ್ತಿಕೊಂಡರು. ಅಮ್ಮನ ಮುಖವನ್ನೇ ನೋಡುತ್ತಿರು ಅಂದರು. ನನ್ನ ಎಡಗಡೆಗೆ, ಅಂದರೆ ಎದುರಿಗಿದ್ದ ಅಮ್ಮನ ಬಲಗಡೆಗೆ, ಬಂದು ನಿಂತದ್ದು ಹೆಜ್ಜೆಯ ಸದ್ದಿನಿಂದ ಗೊತ್ತಾಯಿತು.

"ಊವು ಕಾಣ್ತದಾ?"

ಇಲ್ಲ ಅಂದೆ. ಈಗ, ಅಂದರು. ಇಲ್ಲ ಅಂದೆ. ಅಮ್ಮನ ಮೂಗಿನ ನೇರಕ್ಕೆ ಬಂದಾಗ ಒಂದು ಕೆಂಪು ಕಣಗಿಲೆ, ಅದನ್ನು ಹಿಡಿದ ಎರಡು ಬೆರಳು ಎಲ್ಲಿಂದಲೋ ಹುಟ್ಟಿ ಬಂದವು. ಕೈಯನ್ನು ಹಿಂದಕ್ಕೆ ಒಯ್ದರು. ಹೂ ಹೋಯಿತು, ಬೆರಳು ಹೋದವು, ನನ್ನ ಗಂಡನೇ ಹೋದರು. ಕತ್ತಲೆ ಆಗಿರಲಿಲ್ಲ, ಮಸುಕೂ ಆಗಿರಲಿಲ್ಲ. ಎಡಗಡೆ ಅನ್ನುವುದೇ ಇರಲಿಲ್ಲ, ಅದು ಇಲ್ಲ ಅಂತ ಕೂಡ ನನಗೆ ತಿಳಿದಿರಲಿಲ್ಲ. ದಿನಾ ಸೂಜಿ ಪೋಣಿಸುತ್ತಿದ್ದ ಮಹಾಜಾಣೆ ನಾನು.

ಅತ್ತೆ ಗುಡಿಯ ನೆಲದ ಮೇಲೆ ಕುಸಿದು ಕೂತರು. "ಅಂಗಾದ್ರೆ ಜಗಲೀಲಿ ನಾನ್ ಕೂತಿರಾದು ನಿಂಗೆ ಕಾಣ್ತಾನೇ ಇರ್ನಿಲ್ವಾ?"

ಇಲ್ಲ ಅತ್ತೆ ಅಂದೆ, ಅಳು ಬಂತು, ಜೋರಾಗಿಯೇ ಅತ್ತುಬಿಟ್ಟೆ. ಪೂಜಾರಿ ಇದೇ ಸಮಯ ಅಂತ ಅಮ್ಮನ ಮಹಿಮೆ ಶುರು ಮಾಡಿದ, ಬಾಯಿ ಮುಚ್ಚು ಅಂತ ಅತ್ತೆ ಗದರಿಸಿದರು. ಅಷ್ಟು ಒತ್ತಿ ಅಂಟಿಸಿದ್ದ ಹೂ ಹೇಗೆ ಬಿತ್ತು ಅಂತ ಅವನಿಗೆ ಕೊನೆಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಯೋಚನೆ ಮಾಡುವ ಕಾಲ ಮುಗಿದಿತ್ತು. ಮೊದಲು ಎದ್ದವರು ಬೇಡ ಬೇಡ ಅನ್ನುತ್ತಿದ್ದ ಅತ್ತೆಯೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗನಿಗೆ, "ನಡೀಲಾ, ಯಾವ ರೈಲು ಸಿಕ್ತದೋ ನೋಡು" ಅಂದರು.

ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗ ಅವರು ಅಭ್ಯಾಸಬಲದಿಂದ ನನ್ನ ಎಡಕ್ಕೆ ಕೂತಿದ್ದರಂತೆ. ನನಗೆ ಗೊತ್ತಾದದ್ದು ಬಲಗಡೆ ಕೂತಿದ್ದ ಸೇಲಂ ಕಡೆಯವನೊಬ್ಬನನ್ನು ಅವರು ತೆಲುಗಿನಲ್ಲಿ ಬೈದು ಎಬ್ಬಿಸಿದಾಗ. ಅವನ ಜಾಗದಲ್ಲಿ ಕೂತು, "ಈಗ ಕಾಣ್ತೀನೇನೇ?" ಅಂದರು. ಪೂರ್ತಿ ಕಾಣ್ತೀರ ಅತ್ತೆ, ನನ್ನ ಹಣೆಬರಹ ಅಂದೆ. ಕಾಣಲಿ ಬಿಡು ಅಂತ ನನ್ನ ಕೈ ಹಿಡಿದುಕೊಂಡರು, ವೇಲೂರಿಗೆ ಇಳಿಯಬೇಕಾದ ಕಾಟ್ಪಾಡಿ ಬರುವವರೆಗೂ ಬಿಡಲಿಲ್ಲ.

ಆಪರೇಷನ್ ಆಯಿತು. ನಾನು ಬದುಕಿದೆ, ಬಲಗಡೆಯ ನೋಟ ಉಳಿಯಿತು. ಎಡಗಡೆ ಹೋದದ್ದು ಹೋದದ್ದೇ. ಅತ್ತೆ ಈ ಸಲವೂ ಲಾಡು ಹಂಚಿದರು, ತುಪ್ಪ ಜಾಸ್ತಿ ಇರುವುದನ್ನು ನೋಡಿ ತರಿಸಿದ್ದರು. ಆಮೇಲೆ ತಮ್ಮ ಮೊರ, ಮಣೆ ಎರಡನ್ನೂ ಎತ್ತಿಕೊಂಡು ಬಾಗಿಲ ಬಲಗಡೆಯ ಜಗಲಿಗೆ ಹೋದರು. ಆ ಕಡೆ ಮಧ್ಯಾಹ್ನವೆಲ್ಲ ಸುಡುಬಿಸಿಲು. ಸಾಯುವವರೆಗೂ ಅಲ್ಲೇ ಕೂತು ಅವರೆಕಾಯಿ ಬಿಡಿಸಿದರು.